ಕೊಲರಾಡೋ ಬೆಟ್ಟದಲ್ಲಿ ಎಲ್ಕ್ ಶಿಕಾರಿ: ಈಡು ಹೊಡೆಯೋಕೆ ಮುಂಚೆ ಹೊರೋ ಲೆಕ್ಕ ಹಾಕಿ

ನಮಸ್ಕಾರ ಎಲ್ರಿಗೂ. ಊರಲ್ಲಿ ಕೂತು ನೋಡ್ತಿರೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಶಿಕಾರಿ ಅಪರಾಧ, ಅದು ಸರಿಯಾಗೇ ಇದೆ. ಇವತ್ತು ಹೇಳ್ತಿರೋದು ನಾನಿರೋ ಕೊಲರಾಡೋ ಕಥೆ, ಇಲ್ಲಿ ಎಲ್ಕ್ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಇವೆ, ಸರ್ಕಾರವೇ ಲೆಕ್ಕ ಹಾಕಿ ಲೈಸೆನ್ಸ್ ಕೊಡುತ್ತೆ. ಎಲ್ಕ್ ಅಂದ್ರೆ ನಮ್ಮ ಕಡವೆ ಸಂಬಂಧಿಕನೇ ಅನ್ಕೊಳ್ಳಿ.

ಹೊಸಬ್ರು ಬಂದು ಕೇಳೋದು ಯಾವ ಕೋವಿ ತಗೊಳ್ಳಲಿ, ಯಾವ ಸ್ಕೋಪ್ ಅಂತ. ನಾನು ವಾಪಸ್ ಕೇಳೋದು ಒಂದೇ: ಮಾಂಸ ಯಾರು ಹೊರ್ತಾರೆ?

ಲೆಕ್ಕ ಹಾಕೋಣ ಬನ್ನಿ. ದೊಡ್ಡ ಗಂಡು ಎಲ್ಕ್ 300 ಕೆಜಿ ಮೇಲಿರುತ್ತೆ, ಮೂಳೆ ಬಿಡಿಸಿದ್ಮೇಲೂ ಸುಮಾರು 90 ಕೆಜಿ ಮಾಂಸ ಉಳಿಯುತ್ತೆ, ಅದನ್ನ ಕಾಡಲ್ಲಿ ಬಿಟ್ಟು ಬರೋಹಾಗಿಲ್ಲ, ತಿನ್ನೋ ಮಾಂಸ ಹಾಳು ಮಾಡಿದ್ರೆ ಇಲ್ಲಿ ಕೇಸ್ ಆಗುತ್ತೆ. ಒಬ್ಬ ಮನುಷ್ಯ ಒಂದ್ಸಲಕ್ಕೆ 25 ಕೆಜಿ ಹೊರ್ತಾನೆ ಅಂದ್ರೆ ನಾಲ್ಕು ಟ್ರಿಪ್. ರಸ್ತೆ 3 ಮೈಲಿ ದೂರ ಇದ್ರೆ ನಾಲ್ಕು ಸಲ ಹೊತ್ಕೊಂಡು ಬರ್ಬೇಕು, ಮೂರು ಸಲ ಖಾಲಿ ಕೈಯಲ್ಲಿ ವಾಪಸ್ ಹೋಗ್ಬೇಕು, ಒಟ್ಟು 21 ಮೈಲಿ, ಅದೂ 10,000 ಅಡಿ ಎತ್ತರದಲ್ಲಿ, ಉಸಿರೇ ಸಿಗದ ಜಾಗದಲ್ಲಿ!

(ಸ್ಕ್ರೀನ್ ಮೇಲೆ ಫ್ಲ್ಯಾಟ್ ಟಾಪ್ಸ್ ಮ್ಯಾಪ್)

ಈ ಫ್ಲ್ಯಾಟ್ ಟಾಪ್ಸ್ ಬೆಟ್ಟ ಇರೋದು ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್ ಕಡೆ, ಆ ಫಾರೆಸ್ಟ್ ಒಂದೇ ಸುಮಾರು 23 ಲಕ್ಷ ಎಕರೆ, ಯಾರು ಬೇಕಾದ್ರೂ ಹೋಗ್ಬಹುದಾದ ಸಾರ್ವಜನಿಕ ಜಾಗ. ಮೇಲೆ ಚಪ್ಪಟೆ, ಅಂಚಲ್ಲಿ ಕಡಿದಾದ ಇಳಿಜಾರು. ಮ್ಯಾಪಲ್ಲಿ ಮೈಲಿ ನೋಡಿ ಮೋಸ ಹೋಗ್ಬೇಡಿ, ಎತ್ತರ ತೋರಿಸೋ ಕಾಂಟೂರ್ ಗೆರೆ ಒತ್ತೊತ್ತಾಗಿದೆಯಾ ನೋಡಿ, ಕಾರು ಮೇಲೆ ನಿಲ್ಸಿ ಕೆಳಗಿನ ಕಣಿವೆಗೆ ಇಳಿದು ಹೊಡೆದ್ರೆ ಪ್ರತಿ ಕೆಜಿನೂ ಏರು ಹತ್ತಿಸ್ಬೇಕು. ಗಾಡಿ ತಳ್ಕೊಂಡು ಹೋಗ್ತೀನಿ ಅಂದ್ರೆ ವಿಲ್ಡರ್‌ನೆಸ್ ಅಂತ ಗುರುತು ಮಾಡಿರೋ ಭಾಗದಲ್ಲಿ 1964ರ ಕಾನೂನು ಚಕ್ರ ಇರೋ ಕೈಗಾಡಿನೂ ಬಿಡಲ್ಲ, ಸೈಕಲ್ಲೂ ಬಿಡಲ್ಲ. ಕುದುರೆ ಆಗುತ್ತೆ, ಆದ್ರೆ ಹೊರೆ ಕುದುರೆಯೋರ ಹತ್ರ ಮುಂಚೇನೇ ಮಾತಾಡಿಟ್ಕೊಳ್ಳಿ.

ನನ್ನ ರೂಲ್ ಏನಂದ್ರೆ ಒಬ್ಬನೇ ಇದ್ರೆ ರಸ್ತೆಯಿಂದ ಒಂದೂವರೆ ಮೈಲಿ, ಇಬ್ರಿದ್ರೆ 3 ಮೈಲಿ, ಮ್ಯಾಪಲ್ಲಿ ಗೆರೆ ಹಾಕ್ತೀನಿ, ಎಲ್ಕ್ ಆ ಗೆರೆ ಆಚೆ ಕಣ್ಣೆದುರಿಗೇ ನಿಂತ್ರೂ ಈಡು ಹೊಡೆಯಲ್ಲ. ಯಾಕಂದ್ರೆ ಒಂದ್ಸಲ ಸೆಪ್ಟೆಂಬರ್ ಬಿಲ್ಲು-ಬಾಣದ ಸೀಸನ್‌ನಲ್ಲಿ ನಾವಿಬ್ರು ದೂರ ಹೋಗಿ ಹೊಡೆದ್ವಿ, ಬಿಸಿಲು ಜೋರಿತ್ತು, ಚರ್ಮ ತೆಗೆಯೋದು ತಡ ಆಯ್ತು, ಹಿಂದಿನ ತೊಡೆಯ ಸೊಂಟದ ಮೂಳೆ ಹತ್ರ ಮಾಂಸ ಹಳಸೋಯ್ತು. ಆ ವಾಸನೆ ನಾನು ಮರೆತಿಲ್ಲ, ಒಂದು ಜೀವ ತೆಗೆದು ಬಿಸಾಡಿದ ಸಂಕಟ ಅದು. ಅಂದಿನಿಂದ ಬಿದ್ದ ತಕ್ಷಣ ಚರ್ಮ ತೆಗೆದು, ತೊಡೆ ಬಿಡಿಸಿ, ಗಾಳಿಯಾಡೋ ಬಟ್ಟೆ ಚೀಲಕ್ಕೆ ಹಾಕಿ ನೆರಳಲ್ಲಿ ನೇತುಹಾಕ್ತೀವಿ, ಕರಡಿ ಬರೋದ್ರಿಂದ ಟೆಂಟ್‌ಗೆ ದೂರ.

ಇನ್ನು ಪೇಪರ್ ಕೆಲಸ ಬೇಗ ಹೇಳ್ತೀನಿ. ಲೈಸೆನ್ಸ್ ಡ್ರಾ, ಅಂದ್ರೆ ಲಾಟರಿ, ಅದರ ಅರ್ಜಿ ಏಪ್ರಿಲ್ ಶುರುವಲ್ಲೇ ಮುಗಿಯುತ್ತೆ, ಅಂದ್ರೆ ಪ್ಲಾನ್ ಚಳಿಗಾಲದಲ್ಲೇ ಆಗ್ಬೇಕು. 1949 ಜನವರಿ 1ರಿಂದ ಈಚೆಗೆ ಹುಟ್ಟಿದೋರಿಗೆ ಹಂಟರ್ ಎಜುಕೇಶನ್ ಕೋರ್ಸ್ ಆಗಿರ್ಬೇಕು. ರೈಫಲ್ ಸೀಸನ್‌ನಲ್ಲಿ ಸೊಂಟದ ಮೇಲೆ 500 ಚದರ ಇಂಚು ಹೊಳೆಯೋ ಕಿತ್ತಳೆ ಇಲ್ಲಾ ಪಿಂಕ್ ಬಟ್ಟೆ, ಜೊತೆಗೆ ಟೋಪಿ. ಮತ್ತೆ ಎಚ್-1ಬಿಯಲ್ಲಿ ಇರೋ ನಮ್ಮೋರು ಗಮನ ಇಟ್ಟು ಕೇಳಿ, ಆ ವೀಸಾದಲ್ಲಿ ಬಂದೂಕು ಇಟ್ಕೊಳ್ಳೋದು ಫೆಡರಲ್ ಅಪರಾಧ, ಯಾವ್ದಾದ್ರೂ ರಾಜ್ಯದ ಚಾಲ್ತಿ ಇರೋ ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯ್ತಿ ಇದೆ, ಫ್ರೆಂಡ್ ರೈಫಲ್ ಕೈಗೆ ತಗೊಳ್ಳೋ ಮುಂಚೆನೂ ಒಬ್ಬ ವಕೀಲರನ್ನ ಕೇಳಿ ದಯವಿಟ್ಟು.

ಗಾಳಿ ವಿಷ್ಯ ಬಿಡೋಹಾಗಿಲ್ಲ. ಬೆಟ್ಟದಲ್ಲಿ ಬೆಳಗಿನ ಜಾವ ತಣ್ಣನೆ ಗಾಳಿ ಕೆಳಗೆ ಹರಿಯುತ್ತೆ, ಬಿಸಿಲು ಏರ್ತಿದ್ದಂಗೆ ಮೇಲಕ್ಕೆ ತಿರುಗುತ್ತೆ, ಸಂಜೆ ಮತ್ತೆ ಕೆಳಗೆ. ಎಲ್ಕ್ ಕಣ್ಣು ತಪ್ಪಿಸ್ಬಹುದು, ಮೂಗು ತಪ್ಪಿಸೋಕಾಗಲ್ಲ. ಅದಕ್ಕೆ ಬೆಳಗ್ಗೆ ಕೆಳಗಿಂದ ಹತ್ತಿ, ಬಿಸಿಲು ಬಂದ್ಮೇಲೆ ಅವುಗಳಿಗಿಂತ ಮೇಲೆ ಇರಿ.

ಹೊರಡೋ ಎರಡು ದಿನ ಮುಂಚೆ ಎತ್ತರದ ಜಾಗಕ್ಕೆ ಹೋಗಿ ಮಲಗಿ, ಮೈ ಒಗ್ಗಲಿ. ಕಾರು ಎಲ್ಲಿ ನಿಲ್ಸಿದೀರ, ಎಷ್ಟು ಗಂಟೆಗೆ ವಾಪಸ್, ತಡ ಆದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಮನೇಲಿ ಬರೆದಿಟ್ಟು ಹೋಗಿ, ಇಲ್ಲಿ ಹುಡುಕೋ ಜವಾಬ್ದಾರಿ ಆಯಾ ಕೌಂಟಿ ಶೆರಿಫ್‌ದು, ಆ ನಂಬರ್ ಫ್ರಿಡ್ಜ್ ಮೇಲೆ ಅಂಟಿಸಿರಿ.