ಅವ್ವನ ಹಿಡಿ ಅಕ್ಕಿ

ನಮಸ್ಕಾರ. ಇವತ್ತು ನನ್ನ ಅವ್ವನ ಬಗ್ಗೆ ಮಾತಾಡಬೇಕು. ಹೋದ ವರ್ಷ ಮಾರ್ಚ್‌ನಲ್ಲಿ ತೀರಿಕೊಂಡರು. ಈಗ ವರ್ಷದ ತಿಥಿ ಹತ್ತಿರ ಬಂತು. ಅವ್ವನ ನೆನಪಿಗೆ ದೇವಸ್ಥಾನದಲ್ಲಿ ಹೆಸರು ಕೆತ್ತಿದ ಕಲ್ಲು ಹಾಕಿಸೋಣ ಅಂತ ಅಣ್ಣ ಹೇಳುತ್ತಿದ್ದಾನೆ. ನನಗೆ ಅದು ಬೇಡ. ಯಾಕೆ ಬೇಡ ಅಂತ ಫೋನಿನಲ್ಲಿ ಸರಿಯಾಗಿ ಹೇಳಲು ಬರಲಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮದು ಉತ್ತರ ಕನ್ನಡದ ಅಂಕೋಲೆಯ ಕಡೆ. ಮನೆಯಿಂದ ಸಮುದ್ರ ಕಾಣುವುದಿಲ್ಲ, ಮಳೆಗಾಲದ ರಾತ್ರಿ ಅದರ ಸದ್ದು ಮಾತ್ರ ಕೇಳುತ್ತದೆ. ಅವ್ವ ದೈವಭಕ್ತೆ. ಬೆಳಕು ಹರಿಯುವ ಮೊದಲು ಸ್ನಾನ, ತುಳಸಿಗೆ ನೀರು, ದೇವರಿಗೆ ದೀಪ. ಸೋಮವಾರ ಮೀನಿಲ್ಲ. ಶ್ರಾವಣ ಬಂತೆಂದರೆ ಚೌತಿ ಕಳೆಯುವ ತನಕ ಮೀನಿನ ಮಾತೇ ಇಲ್ಲ. ಶಿವರಾತ್ರಿಗೆ ಗೋಕರ್ಣ, ಬಂಡಿ ಹಬ್ಬಕ್ಕೆ ನಮ್ಮೂರ ದೇವತೆ ಭೂಮ್ತಾಯಿಗೆ ಉಡಿ. ಇದೆಲ್ಲ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದ್ದದ್ದೇ.

ನಾನು ಹೇಳಬೇಕೆಂದಿರುವುದು ಅಡುಗೆಮನೆಯ ಮೂಲೆಯಲ್ಲಿದ್ದ ಒಂದು ತಗಡಿನ ಡಬ್ಬದ ಬಗ್ಗೆ.

ಪ್ರತಿದಿನ ಅನ್ನಕ್ಕೆ ಅಕ್ಕಿ ಅಳೆಯುವ ಮೊದಲು ಅವ್ವ ಒಂದು ಹಿಡಿ ತೆಗೆದು ಆ ಡಬ್ಬಕ್ಕೆ ಹಾಕುತ್ತಿದ್ದರು. ಆಮೇಲೆ ನಮಗೆ. ಈ ಕ್ರಮ ಒಂದು ದಿನವೂ ತಿರುವುಮುರುವು ಆಗಲಿಲ್ಲ. ಮೊದಲು ಡಬ್ಬ, ಆಮೇಲೆ ಪಾತ್ರೆ. ಹಿಡಿ ಅಕ್ಕಿ ಎತ್ತಿಡುವುದು ಅವ್ವ ಕಂಡುಹಿಡಿದದ್ದಲ್ಲ, ಹಳೆಯ ಪದ್ಧತಿ. ಮಠಕ್ಕೆ, ಕ್ಷೇತ್ರಕ್ಕೆ ಅಂತ ಎತ್ತಿಡುತ್ತಿದ್ದವರು ಬಹಳ ಜನ. ಅವ್ವನ ಅಕ್ಕಿ ಹೋಗುತ್ತಿದ್ದದ್ದು ಮೀನುಗಾರರ ಕೇರಿಗೆ.

ಕರಾವಳಿಯವರಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು. ನಾಡದೋಣಿಗೆ ನಿಷೇಧ ಇಲ್ಲ, ಆದರೆ ಆ ಅಬ್ಬರದ ಅಲೆಯಲ್ಲಿ ಎಷ್ಟು ದಿನ ಇಳಿಯಲು ಆಗುತ್ತದೆ? ದೋಣಿ ದಡದಲ್ಲಿದ್ದರೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸರ ಸಂಪಾದನೆಯೂ ನಿಲ್ಲುತ್ತದೆ. ಮಕ್ಕಳ ಶಾಲೆ ಶುರುವಾಗುವುದೂ ಆಗಲೇ.

ಅವ್ವ ಮೇ ತಿಂಗಳ ಬಿಸಿಲಿಗೆ ಡಬ್ಬದ ಅಕ್ಕಿ ಹರವುತ್ತಿದ್ದರು. ಹುಳ ಆರಿಸಿ, ಗೆರಸಿಯಲ್ಲಿ ಕೇರಿ, ನಮ್ಮ ಊಟದ ಅಕ್ಕಿಗಿಂತ ಜಾಸ್ತಿ ಚೊಕ್ಕ ಮಾಡುತ್ತಿದ್ದರು. ಮೊದಲ ದೊಡ್ಡ ಮಳೆ ಬಿದ್ದ ವಾರ ಅದು ಎರಡು ಮೂರು ಮನೆಗೆ ಹೋಗುತ್ತಿತ್ತು. ಹೊತ್ತುಕೊಂಡು ಹೋಗುವ ಕೆಲಸ ನಮ್ಮದು. ಹಿತ್ತಿಲ ಬಾಗಿಲಿಗೆ ಕೊಟ್ಟು ಬರಬೇಕು, ನಿಂತು ಮಾತಾಡಬಾರದು ಅಂತ ಅವ್ವನ ಅಪ್ಪಣೆ.

ಒಂದು ಹಿಡಿ ಅಂದರೆ ಎಷ್ಟು ಅಂತ ಮೊನ್ನೆ ತೂಗಿ ನೋಡಿದೆ. ನನ್ನ ಕೈಯಲ್ಲಿ ಸುಮಾರು 50 ಗ್ರಾಂ. ವರ್ಷಕ್ಕೆ 18 ಕಿಲೋ ಚಿಲ್ಲರೆ. ಅಷ್ಟರಿಂದ ಯಾರ ಮನೆಯ ಮಳೆಗಾಲವೂ ಕಳೆಯುವುದಿಲ್ಲ. ಅವ್ವನಿಗೂ ಅದು ಗೊತ್ತಿತ್ತು.

ನಮ್ಮ ಮನೆಯಲ್ಲೂ ಅಕ್ಕಿ ಉಕ್ಕಿ ಹರಿಯುತ್ತಿರಲಿಲ್ಲ. ಅಪ್ಪನ ಸಂಬಳ ಸಣ್ಣದು, ಉಣ್ಣುವ ಬಾಯಿ ಆರು. ಒಂದು ಸಂಜೆ ನೆಂಟರು ಬಂದರು. ಅವ್ವ ಮನೆಯಲ್ಲಿರಲಿಲ್ಲ. ಅಕ್ಕ ಆ ಡಬ್ಬದಿಂದ ಅಕ್ಕಿ ತೆಗೆದು ಅನ್ನ ಮಾಡಿಬಿಟ್ಟಳು. ಅವ್ವ ಬಂದು ನೋಡಿದರು, ಬೈಯಲಿಲ್ಲ. ಮಾರನೇ ದಿನದಿಂದ ದಿನಕ್ಕೆ ಎರಡೆರಡು ಹಿಡಿ ಹಾಕಿದರು. ಹತ್ತು ದಿನವೋ ಏನೋ. ಆ ದಿನಗಳಲ್ಲಿ ನಮ್ಮ ರಾತ್ರಿಯ ಗಂಜಿ ನೀರಾಯಿತು. ನನಗೆ ಸಿಟ್ಟು ಬಂದಿತ್ತು. "ನಮ್ಮ ಅಕ್ಕಿಯನ್ನೇ ನಾವು ಉಂಡದ್ದು ಅಲ್ವಾ?" ಅಂತ ಕೇಳಿದೆ.

"ನಮ್ಮದಲ್ಲ ಅದು. ತೆಗೆದಿಟ್ಟಾಗಲೇ ಅವರದ್ದಾಯ್ತು" ಅಂದರು.

ಅವ್ವನ ಭಕ್ತಿ ಅಂದಾಗ ನನಗೆ ಈ ಮಾತು ನೆನಪಾಗುತ್ತದೆ. ನಾವು ಕೊಡುವುದು ಉಳಿದಾಗ. ತಿಂಗಳ ಕೊನೆಗೆ ಏನಾದರೂ ಮಿಕ್ಕರೆ, ಹಳೆಯ ಬಟ್ಟೆ ಜಾಸ್ತಿಯಾದರೆ, ಬೋನಸ್ ಬಂದರೆ. ನಾನೂ ಹಾಗೇ ಕೊಡುತ್ತೇನೆ. ಅವ್ವ ಉಳಿಯುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ತೆಗೆದಿಡುತ್ತಿದ್ದರು.

ಸೆಪ್ಟೆಂಬರ್ ಹೊತ್ತಿಗೆ ಇನ್ನೊಂದು ನಡೆಯುತ್ತಿತ್ತು. ಆಗಸ್ಟಿನಲ್ಲಿ ದೋಣಿ ಇಳಿದು ಹೊಸ ಮೀನು ಬಂದರೂ ಆ ಕೇರಿಯ ಮೀನಿನಕ್ಕ ನಮ್ಮ ಮನೆಗೆ ಬರುತ್ತಿರಲಿಲ್ಲ. ಅವ್ವನ ಶ್ರಾವಣ ಅವರಿಗೆ ಗೊತ್ತಿತ್ತು. ಚೌತಿ ಮುಗಿದು ಗಣಪತಿ ನೀರಿಗೆ ಹೋದ ಮಾರನೇ ಬೆಳಿಗ್ಗೆ ಅಂಗಳದಲ್ಲಿ ಬುಟ್ಟಿ ಇಳಿಸಿ, "ಅಕ್ಕಾ, ಚೌತಿ ಮುಗೀತಲ್ಲ" ಅನ್ನುತ್ತಿದ್ದರು. ಬುಟ್ಟಿಯ ಒಳ್ಳೆಯ ಬಂಗುಡೆಗಳನ್ನು ಆರಿಸಿ ಕೊಡುತ್ತಿದ್ದರು. ಅವತ್ತು ದುಡ್ಡು ಮುಟ್ಟುತ್ತಿರಲಿಲ್ಲ. ಬೇರೆ ದಿನ ಅವ್ವ ಎರಡು ರೂಪಾಯಿಗೂ ಚೌಕಾಸಿ ಮಾಡುವವರು. ಅವತ್ತು ಮಾತ್ರ ಎರಡೂ ಕೈ ಒಡ್ಡಿ ಸುಮ್ನೆ ತೆಗೆದುಕೊಳ್ಳುತ್ತಿದ್ದರು. ಹಣ ಕೊಡುತ್ತೇನೆ ಅಂತ ಒಂದು ಸಲವೂ ಹೇಳಿದ್ದು ನೋಡಿಲ್ಲ. ಇಬ್ಬರೂ ಜಗಲಿಯ ಮೇಲೆ ಕೂತು ಎಲೆ ಅಡಿಕೆಯ ಕವಳ ಹಾಕುತ್ತಿದ್ದರು. ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಅಂತ ನೋಡಿದವರಿಗೆ ತಿಳಿಯುತ್ತಿರಲಿಲ್ಲ.

ಈಗ ರೇಷನ್ ಅಕ್ಕಿ ಬರುತ್ತದೆ, ಹಿಡಿ ಅಕ್ಕಿ ಯಾರಿಗೆ ಬೇಕು ಅಂತ ಅಣ್ಣ ಕೇಳುತ್ತಾನೆ. ಸರಿಯಾದ ಮಾತೇ. 2013ರಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ಅವ್ವನೇ ಇದನ್ನು ಗಮನಿಸಿದರು. "ಅಕ್ಕಿ ಈಗ ಅವರಲ್ಲೂ ಉಂಟು" ಅಂದರು. ಆದರೆ ಡಬ್ಬ ಎತ್ತಿಡಲಿಲ್ಲ. ಅಕ್ಕಿ ಬದಲು ದಿನಕ್ಕೆ ಹತ್ತು ರೂಪಾಯಿ ಹಾಕಲು ಶುರು ಮಾಡಿದರು. ಆ ದುಡ್ಡು ಆಸ್ಪತ್ರೆಗೆ ಹೋಗುವವರ ದಾರಿ ಖರ್ಚಿಗೆ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡಬೇಕು. ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಕೇಳಿ ಕೇಳಿ ಸೋತಿದ್ದಾರೆ. ರೋಗಿಯ ಜೊತೆ ಹೋದವರ ಬಸ್ಸು, ಊಟ, ರಾತ್ರಿ ಮಲಗುವ ಜಾಗ, ಇದಕ್ಕೆಲ್ಲ ಯಾವ ಕಾರ್ಡಿನಲ್ಲೂ ದುಡ್ಡಿಲ್ಲ. ಪೇಪರ್ ಓದದ ಅವ್ವ ಅದನ್ನು ನೋಡಿದ್ದರು.

2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಮಣ್ಣು ಹೆದ್ದಾರಿ ದಾಟಿ ಗಂಗಾವಳಿಗೆ ಬಿತ್ತು. ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಅವ್ವನಿಗೆ ಆಗ ನಡೆಯಲು ಆಗುತ್ತಿರಲಿಲ್ಲ. ಟಿವಿ ನೋಡುತ್ತಾ ಡಬ್ಬ ತರಿಸಿದರು. ನೋಟು, ಚಿಲ್ಲರೆ ಎಲ್ಲ ಮಡಿಲಿಗೆ ಸುರಿದುಕೊಂಡು ಎಣಿಸಿದರು. ಕಾಳಜಿ ಕೇಂದ್ರದಲ್ಲಿದ್ದವರಿಗೆ ತಲುಪಿಸಲು ನನ್ನನ್ನು ಕಳಿಸಿದರು. "ಹೆಸರು ಕೇಳಿದ್ರೆ ಹೇಳ್ಬೇಡ" ಅಂದರು.

ಅಣ್ಣ, ನಿನ್ನ ಪ್ರೀತಿ ನನಗೆ ಗೊತ್ತು. ಕಡೆಯ ಎರಡು ವರ್ಷ ಅವ್ವನನ್ನು ಎತ್ತಿ ಕೂರಿಸಿ ಸ್ನಾನ ಮಾಡಿಸಿದವರು ನೀನು, ಅತ್ತಿಗೆ. ನನಗಿಂತ ನಿನಗೆ ಹಕ್ಕು ಜಾಸ್ತಿ. ಆದರೂ ಹೆಸರು ಬೇಡ ಅಂದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದಕ್ಕೆ ನನಗೆ ಮನಸ್ಸು ಒಪ್ಪುತ್ತಿಲ್ಲ.

ಹೋದ ಜೂನ್‌ನಲ್ಲಿ ನಮ್ಮ ಮನೆಯಿಂದ ಏನೂ ಹೋಗಲಿಲ್ಲ. ಅವ್ವ ಹೋದ ದುಃಖದಲ್ಲಿ ಡಬ್ಬ ಯಾರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ. ಚೌತಿ ಮುಗಿದ ಮಾರನೇ ಬೆಳಿಗ್ಗೆ ಅಂಗಳದಲ್ಲಿ ಬುಟ್ಟಿ ಇಳಿಸಿದ ಸದ್ದಾಯಿತು. ಮೀನಿನಕ್ಕ ಬಂದಿದ್ದರು, ಅವರಿಗೂ ಈಗ ವಯಸ್ಸಾಗಿದೆ. ಯಾರನ್ನೂ ಕರೆಯಲಿಲ್ಲ. ಬಂಗುಡೆ ಆರಿಸಿ ಅತ್ತಿಗೆಯ ಕೈಗೆ ಕೊಟ್ಟರು. ಅತ್ತಿಗೆ ದುಡ್ಡು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಹೊರಟು ಹೋಗಿದ್ದರು.

ಡಬ್ಬ ಅಟ್ಟದ ಮೇಲಿದೆ, ಅಣ್ಣ. ಅತ್ತಿಗೆ ತೊಳೆದು, ಒಣಗಿಸಿ ಇಟ್ಟಿದ್ದಾರೆ.