ಕುದುರೆಯೋ, ಕಾಲುಸಂಕವೋ?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲಿನ ಸಿನಿಮಾ ಹಾಡು ನೆನಪಾಗುತ್ತದೆ. ನಾನು ಹೇಳಲು ಬಂದಿರುವುದು ಇನ್ನೊಂದು ಆರ್ಕೆಸ್ಟ್ರಾ ಬಗ್ಗೆ. ಅರವತ್ತು ಎಪ್ಪತ್ತು ಜನ ಕೂತು, ಎದುರಿಗೆ ಸ್ವರ ಬರೆದ ಕಾಗದ ಇಟ್ಟುಕೊಂಡು ನುಡಿಸುತ್ತಾರಲ್ಲ, ಅದು.

ಆ ಕಾಗದದಲ್ಲಿ ಸ್ವರಗಳ ಮೇಲೆ ಕೆಳಗೆ ಚಿಕ್ಕಚಿಕ್ಕ ಪದಗಳಿರುತ್ತವೆ. ಹೆಚ್ಚಿನವು ಇಟಾಲಿಯನ್, ಕೆಲವು ಜರ್ಮನ್, ಕೆಲವು ಫ್ರೆಂಚ್. ಸ್ವರ ಬಂದರೆ ಸಾಕು ಅಂತ ನಾನೂ ಅಂದುಕೊಂಡಿದ್ದೆ. ಬೆಂಗಳೂರಿನಲ್ಲಿ ಮೊದಲ ಸಲ ಒಂದು ತಂಡದ ಕೊನೆ ಸಾಲಿನಲ್ಲಿ ಪಿಟೀಲು ಹಿಡಿದು ಕೂತಾಗ ‘ಸೆಂಜಾ ಸೋರ್ದಿನೋ’ ಅಂತ ಕಂಡಿತು. ಸೋರ್ದಿನೋ ಅಂದರೆ ಮ್ಯೂಟ್, ನಾದ ತಗ್ಗಿಸಲು ಪಿಟೀಲಿನ ಕುದುರೆಗೆ, ಅಂದರೆ ತಂತಿ ಹೊರುವ ಮರದ ತುಂಡಿಗೆ, ಸಿಕ್ಕಿಸುವ ಸಣ್ಣ ವಸ್ತು. ಅಷ್ಟು ಗೊತ್ತಿತ್ತು, ಸಿಕ್ಕಿಸಿಬಿಟ್ಟೆ. ‘ಸೆಂಜಾ’ ಅಂದರೆ ‘ಇಲ್ಲದೆ’! ಅದಕ್ಕೆ ಮುಂಚೆ ಬಂದಿದ್ದ ‘ಕೋನ್ ಸೋರ್ದಿನೋ’, ಅಂದರೆ ಮ್ಯೂಟ್ ಸಮೇತ, ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಎಲ್ಲರೂ ತೆಗೆಯುವಾಗ ನಾನೊಬ್ಬ ಹಾಕುತ್ತಿದ್ದೆ.

ಕೈ ಕೊಡುವುದು ಇಂಥ ಪುಟ್ಟ ಪದಗಳೇ. ‘ಮಾ ನೋನ್ ತ್ರೋಪ್ಪೋ’ ಅಂದರೆ ‘ಆದರೆ ಜಾಸ್ತಿ ಬೇಡ’. ಇಟಾಲಿಯನ್ನಿನ ‘ಅಸ್ಸಾಯ್’ ಅಂದರೆ ‘ತುಂಬಾ’. ಅದರ ಹಾಗೇ ಕಾಣುವ ಫ್ರೆಂಚಿನ ‘ಅಸ್ಸೇ’ ಅಂದರೆ ‘ಸುಮಾರಾಗಿ’. ಕಾಗದ ಯಾವ ಭಾಷೆಯದು ಅಂತ ಮೊದಲು ನೋಡಿ.

ಇನ್ನು ವೇಗ. ‘ಅಲೆಗ್ರೋ’ ಅಂದರೆ ಫಾಸ್ಟ್ ಅಂತ ಬಾಯಿಪಾಠ ಮಾಡಿರುತ್ತೀರಿ. ಮಾತಿನ ಇಟಾಲಿಯನ್ನಿನಲ್ಲಿ ಅದರ ಅರ್ಥ ‘ಖುಷಿಯಾದ’. ‘ಅಂದಾಂತೆ’ ಅಂದರೆ ‘ನಡೆಯುತ್ತಾ’. ಮಹಾರಾಜ ಪಾರ್ಕಿನಲ್ಲಿ ಸಂಜೆ ವಾಕ್ ಮಾಡುವವರ ಹೆಜ್ಜೆ ಅದು. ಬಸ್ಸಿಗೆ ಓಡುವವರದಲ್ಲ, ನಿಂತು ಹರಟುವವರದೂ ಅಲ್ಲ. ಟಿಕ್ ಟಿಕ್ ಅಂತ ವೇಗ ತೋರಿಸುವ ಯಂತ್ರ ಮೆಟ್ರೊನೋಮಿಗೆ ಮೆಲ್ಜೆಲ್ ಅನ್ನುವವನು ಪೇಟೆಂಟ್ ಪಡೆದದ್ದು 1815ರಲ್ಲಿ. 1817ರಲ್ಲಿ ಬೀಥೋವನ್ ತನ್ನ ಎಂಟು ಸಿಂಫನಿಗಳಿಗೆ ವೇಗದ ಅಂಕಿ ಪ್ರಕಟಿಸಿದ. ಅಲ್ಲಿಯವರೆಗೆ ಪದವೇ ದಾರಿ ತೋರಿಸಬೇಕಿತ್ತು.

ನನಗೆ ತುಂಬಾ ಇಷ್ಟವಾದದ್ದು ‘ಸುಲ್ ಪೋಂತಿಚೆಲ್ಲೋ’. ಪೋಂತೆ ಅಂದರೆ ಸೇತುವೆ, ಪೋಂತಿಚೆಲ್ಲೋ ಅಂದರೆ ಪುಟ್ಟ ಸೇತುವೆ. ತಂತಿಗಳನ್ನು ಹೊತ್ತು ನಿಂತ ಮರದ ತುಂಡಿಗೆ ಅವರಿಟ್ಟ ಹೆಸರು. ಅದರ ಹತ್ತಿರ ಕಮಾನು ಎಳೆಯಿರಿ ಅಂತ ಸೂಚನೆ. ಜರ್ಮನ್ ಕಾಗದದಲ್ಲಿ ಅದೇ ಸೂಚನೆ ‘ಆಮ್ ಶ್ಟೇಗ್’. ಶ್ಟೇಗ್ ಅಂದರೆ ಹಳ್ಳ ದಾಟುವ ಕಿರು ಸೇತುವೆ. ಸಕಲೇಶಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಕಾಲುಸಂಕ! ಫ್ರೆಂಚರು ಮಾತ್ರ ‘ಶೆವಾಲೆ’ ಅನ್ನುತ್ತಾರೆ. ಅದು ‘ಶೆವಾಲ್’ನಿಂದ ಬಂದ ಪದ. ಶೆವಾಲ್ ಅಂದರೆ ಕುದುರೆ. ನಮ್ಮ ಜಿಲ್ಲೆಯ ರುದ್ರಪಟ್ಟಣ ಸಂಗೀತಗಾರರ ಊರು ಅಲ್ವಾ, ಅಲ್ಲಿ ಯಾರನ್ನಾದರೂ ಕೇಳಿ. ವೀಣೆಯ ಆ ತುಂಡಿಗೆ ಅವರೂ ಕುದುರೆ ಅಂತಲೇ ಹೇಳುತ್ತಾರೆ. ಪ್ಯಾರಿಸ್ಸಿಗೂ ರುದ್ರಪಟ್ಟಣಕ್ಕೂ ಹೊಳೆದದ್ದು ಒಂದೇ ಪ್ರಾಣಿ ನೋಡಿ.

ಈಗ ಕುದುರೆ ಪಕ್ಕದಲ್ಲೇ ಕಮಾನು ಎಳೆದು ತೋರಿಸುತ್ತೇನೆ. ಅಲ್ಲಿ ಮೂಲ ಸ್ವರ ತೆಳುವಾಗುತ್ತದೆ. ತಂಬೂರಿಯ ಷಡ್ಜದೊಳಗಿಂದ ಗಾಂಧಾರ ಕೇಳುತ್ತದಲ್ಲ, ಅಂಥ ಒಳಸ್ವರಗಳು ಮೇಲೇಳುತ್ತವೆ. ಗಾಜು ಗೀಚಿದ ಹಾಗೆ ಅನ್ನಿಸಿದರೆ ನನ್ನ ಕೈ ತಪ್ಪು ಅಂದುಕೊಳ್ಳಬೇಡಿ. ಈ ಸಲ ಪದ ಓದಿಕೊಂಡೇ ನುಡಿಸುತ್ತಿದ್ದೇನೆ.