ಗಿಡ ಯಾರದ್ದು?

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಈ ಸಭಾಂಗಣದ ಮುಂದೆ ನನ್ನ ಕೈಯಲ್ಲೂ ಒಂದು ಸಸಿ ನೆಡಿಸಿದರು. ಗುಂಡಿ ಆಗಲೇ ಸಿದ್ಧವಿತ್ತು. 'ಯಾವಾಗ ತೋಡಿದ್ದಪ್ಪಾ?' ಅಂತ ಮಾಲಿಯನ್ನು ಕೇಳಿದೆ. 'ಹೋದ ವರ್ಷದ್ದೇ ಸಾರ್' ಅಂದ. ನಗಬೇಡಿ, ನನ್ನ ಇವತ್ತಿನ ಮಾತೂ ಗುಂಡಿಯದ್ದೇ.

ಸಹಾರಾ ಮರುಭೂಮಿಯ ದಕ್ಷಿಣದ ಅಂಚು ಸಾಹೆಲ್. ಅಲ್ಲಿ ಬುರ್ಕಿನಾ ಫಾಸೋ ದೇಶದ ಉತ್ತರಕ್ಕೆ ಯತೆಂಗಾ ಅಂತ ಒಂದು ಸೀಮೆ. ಮೋಸ್ಸಿ ಜನರ ಹಳೆಯ ರಾಜ್ಯ. ಉಣ್ಣೋದು ಸಜ್ಜೆ, ಜೋಳ. ಸಜ್ಜೆ ಹುಟ್ಟಿದ್ದೇ ಆ ಕಡೆ. ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದಾಗ ಮೂರು ಸಾವಿರ ವರ್ಷ ಹಳೆಯ ಸಜ್ಜೆ ಸಿಕ್ಕಿತಲ್ಲ, ಅದರ ತವರು ಆಫ್ರಿಕಾ. ಹಾಗಾಗಿ ಅವರು ನಮಗೆ ತೀರಾ ಹೊರಗಿನವರಲ್ಲ.

1895ರಲ್ಲಿ ಫ್ರೆಂಚರು ಬಂದರು. ಈಗಿನ ಬುರ್ಕಿನಾ ಫಾಸೋ ಅವರ ವಸಾಹತಾಯಿತು. 1932ರಲ್ಲಿ ಆ ವಸಾಹತನ್ನೇ ಹರಿದು ನೆರೆಯ ವಸಾಹತುಗಳಿಗೆ ಹಂಚಿಬಿಟ್ಟರು. ಯಾಕೆ? ಆ ನೆರೆಯ ವಸಾಹತುಗಳ ತೋಟಗಳಿಗೆ ಕೂಲಿಗಳು ಬೇಕಿತ್ತು! 1947ರವರೆಗೆ ಆ ನಾಡು ನಕ್ಷೆಯಲ್ಲೇ ಇರಲಿಲ್ಲ. ಗುಳೆ ಹೋಗೋದು ಅಲ್ಲಿ ಮನೆಮನೆಯ ಕಥೆ. ಆಮೇಲೆ 1968ರಿಂದ 73ರವರೆಗೆ ಬರ. ನೆಲ ಹಕ್ಕಳೆ ಕಟ್ಟಿತು. ಬಿದ್ದ ನಾಲ್ಕು ಹನಿಯೂ ಹೆಂಚಿನ ಮೇಲೆ ಬಿದ್ದಂತೆ ಜಾರಿ ಹೋಗುತ್ತಿತ್ತು.

ಈಗ ಯಾಕೂಬಾ ಸವಾಡೊಗೊ. ಯತೆಂಗಾದ ವಾಹಿಗುಯಾ ಪೇಟೆಯಲ್ಲಿ ಗಾಡಿಗಳ ಬಿಡಿಭಾಗ ಮಾರುತ್ತಿದ್ದ ಮನುಷ್ಯ. ವ್ಯಾಪಾರ ಚೆನ್ನಾಗೇ ಇತ್ತು. 1980ರ ಹೊತ್ತಿಗೆ ಅಂಗಡಿ ಬಿಟ್ಟು ಗೂರ್ಗಾ ಹಳ್ಳಿಗೆ ಬಂದು ಬೇಸಾಯಕ್ಕಿಳಿದರು. ಉರಿ ಬೇಸಿಗೆಯಲ್ಲಿ, ಎಲ್ಲರೂ ನೆರಳು ಹುಡುಕುವಾಗ, ಬರಡು ನೆಲದಲ್ಲಿ ಗುಂಡಿ ತೋಡುತ್ತಾ ಕೂತರು. ಊರವರು ತಲೆ ಕೆಟ್ಟಿದೆ ಅಂದರು. ಗುಂಡಿ ಅಂದರೆ ಒಂದು ಗೇಣು ಅಗಲ, ಅರ್ಧ ಗೇಣು ಆಳ, ಅಷ್ಟೇ. ಅದಕ್ಕೆ 'ಜಾಯಿ' ಅಂತ ಹೆಸರು. ಅವರ ಹಿರಿಯರ ಪದ್ಧತಿಯೇ. ಇವರು ಸ್ವಲ್ಪ ದೊಡ್ಡದು ಮಾಡಿ ಒಳಗೆ ಗೊಬ್ಬರ ಹಾಕಿದರು. ಗೊಬ್ಬರಕ್ಕೆ ಗೆದ್ದಲು ಬಂತು. ನಾವಾಗಿದ್ದರೆ ಔಷಧಿ ಹೊಡೆಯುತ್ತಿದ್ದೆವು, ಅಲ್ವಾ? ಅವರು ಸುಮ್ನೆ ಬಿಟ್ಟರು. ಗೆದ್ದಲು ಆ ಕಲ್ಲಿನಂಥ ನೆಲದಲ್ಲಿ ಸಣ್ಣ ಸಣ್ಣ ತೂತು ಕೊರೆಯಿತು. ಮೊದಲ ಮಳೆ ಜಾರಲಿಲ್ಲ, ಆ ತೂತುಗಳಲ್ಲಿ ಇಳಿಯಿತು. ಬಿತ್ತಿದ ಜೋಳ ಮೇಲೆದ್ದಿತು. ಅದರ ಮಗ್ಗುಲಲ್ಲೇ, ಗೊಬ್ಬರದಲ್ಲಿದ್ದ ಬೀಜಗಳಿಂದ ಕಾಡುಗಿಡಗಳೂ ಎದ್ದವು. ಯಾಕೂಬಾ ಅವನ್ನು ಕೀಳಲಿಲ್ಲ. ಇಪ್ಪತ್ತು ಹೆಕ್ಟೇರಿಗೂ ಜಾಸ್ತಿ ಕಾಡಾಯಿತು.

ಇನ್ನೊಂದು ಸಣ್ಣ ವಿಷಯ. ಅದೇ ಸೀಮೆಯಲ್ಲಿ ನೀರಿಗೆ ಅಡ್ಡವಾಗಿ ಕಲ್ಲಿನ ಸಾಲು ಇಡುತ್ತಾರೆ. ಇಳಿಜಾರಿನಲ್ಲಿ ಮಟ್ಟ ಹಿಡಿಯೋದು ಹೇಗೆ? ನೀರು ತುಂಬಿದ ಪಾರದರ್ಶಕ ಪೈಪು! ನಮ್ಮ ಗಾರೆ ಕೆಲಸದವರ ಲೆವೆಲ್ ಪೈಪೇ. ಓದು ಬಾರದ ರೈತರೂ ಕಲಿತುಬಿಟ್ಟರು. ನಾನು ನನ್ನ ಮನೆ ಕಟ್ಟಿಸುವಾಗ ಮೇಸ್ತ್ರಿ ಎರಡು ಸಲ ತೋರಿಸಿದರೂ ನನಗೆ ಹತ್ತಲಿಲ್ಲ. ಇರಲಿ.

ಈಗ ನನ್ನ ತಕರಾರು. ಗಿಡ ಯಾರದ್ದು? ಯಾಕೂಬಾ ಬೆಳೆಸಿದರು. ಆದರೆ ವಾಹಿಗುಯಾ ಬೆಳೆಯುತ್ತಾ ಬಂದು ಆ ಕಾಡಿನ ನೆಲವೂ ಸೈಟಾಯಿತು. ಮರಗಳ ಮಧ್ಯೆ ಮನೆಗಳು ಎದ್ದವು. 2018ರಲ್ಲಿ ಅವರಿಗೆ 'ಪರ್ಯಾಯ ನೊಬೆಲ್' ಅಂತ ಕರೆಯೋ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು. ಜಗತ್ತೆಲ್ಲ ಚಪ್ಪಾಳೆ ತಟ್ಟಿತು. ಚಪ್ಪಾಳೆಯಿಂದ ಪಟ್ಟಾ ಸಿಗೋದಿಲ್ಲ. 2023ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಚೀಟಿ ಬಂತು, ಐದು ನಿಮಿಷ ಅಂತೆ. ಪಕ್ಕದ ನೈಜರ್ ದೇಶದ್ದನ್ನು ಓಡಿಸಿ ಹೇಳುತ್ತೇನೆ. ಅಲ್ಲಿ 'ಗಾವೊ' ಅಂತ ಒಂದು ಮರ. ವಿಚಿತ್ರ ಮರ, ಮಳೆಗಾಲದಲ್ಲಿ ಬೋಳು, ಬೇಸಿಗೆಯಲ್ಲಿ ಹಸಿರು. ಸಜ್ಜೆ ಬೆಳೆಯುವಾಗ ಅದರ ನೆರಳಿನ ಕಾಟವಿಲ್ಲ, ಬೇಸಿಗೆಯಲ್ಲಿ ದನಕ್ಕೆ ಕಾಯಿ. ಇಂಥ ಮರವನ್ನೂ ರೈತರು ಬೆಳೆಸಲಿಲ್ಲ. ಯಾಕೆಂದರೆ ಫ್ರೆಂಚರ ಕಾಲದ ಕಾಯಿದೆಯಂತೆ ಹೊಲದ ಮರವೂ ಸರ್ಕಾರದ್ದು. ನಿಮ್ಮ ಹೊಲದ ಕೊಂಬೆ ಕಡಿದರೆ ನಿಮಗೇ ದಂಡ. 1980ರ ದಶಕದಲ್ಲಿ ಅಧಿಕಾರಿಗಳ ಬಿಗಿ ಸಡಿಲವಾಯಿತು. ಮಾರಾದಿ, ಜಿಂದೆರ್ ಸೀಮೆಯ ರೈತರು ಮೋಟುಗಳಿಂದ ಚಿಗುರಿದ್ದನ್ನು ಕಾಪಾಡಿದರು. ಈಗ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರಗಳಿವೆ. ಸಸಿ ನೆಟ್ಟಿದ್ದಲ್ಲ ಸ್ವಾಮಿ, ಕೀಳದೆ ಬಿಟ್ಟಿದ್ದು! 'ಇದು ನಂದು' ಅನ್ನಿಸಿದ ಮೇಲೆ ಬಿಟ್ಟಿದ್ದು.

ಇನ್ನೂ ಮೂರು ಹಾಳೆ ಉಳಿದಿದೆ, ಮಡಚುತ್ತೇನೆ. ಗುಳಿ ರಾಗಿ, ಅಂದರೆ ಹಾವೇರಿ ಕಡೆ ಗುಂಡಿಯಲ್ಲಿ ಗೊಬ್ಬರ ಹಾಕಿ ರಾಗಿ ಸಸಿ ನೆಡುವ ಪದ್ಧತಿ, ಅದರ ವಿಷಯಕ್ಕೆ ಬರಲೇ ಇಲ್ಲ ನೋಡಿ. ಹಾವೇರಿ ಕಡೆಯವರು ಯಾರಾದರೂ ಇದ್ದರೆ ಚಹಾದ ಹೊತ್ತಿಗೆ ಸಿಗಿ. ಗುಂಡಿಯ ಅಳತೆ ನೀವೇ ಹೇಳಿ, ನಾನು ಬರೆದುಕೊಳ್ಳುತ್ತೇನೆ.